ಮುಖಕ್ಕೆ ಹಚ್ಚುವ ಮುನ್ನ ಓದಬೇಕಾದ ಪಠ್ಯ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪದವಿಯ ವರ್ಷಗಳಲ್ಲಿ ಚಂಪೂಕಾವ್ಯದ ಕಂದ ವೃತ್ತಗಳನ್ನು, ನಡುಗನ್ನಡದ ಷಟ್ಪದಿಯನ್ನು, ವಚನವನ್ನು, ಶಾಸನದ ಪಾಠವನ್ನು ಪದಪದವಾಗಿ ಬಿಡಿಸಿ ಅರ್ಥೈಸಲು ಕಲಿಯುತ್ತಾರೆ. ಆದರೆ ಅವರೇ ದಿನವೂ ಕೈಗೆತ್ತಿಕೊಳ್ಳುವ ಒಂದು ಪುಟ್ಟ ಪಠ್ಯ ಓದದೆ ಉಳಿದುಬಿಡುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬಿನ ಹಿಂಬದಿಯಲ್ಲಿ ಸಾಸಿವೆಕಾಳಿಗಿಂತ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಬರಹವದು. ಮುಂಬದಿಯ ಚಿತ್ರವನ್ನೂ ದೊಡ್ಡ ಅಕ್ಷರದ ಆಶ್ವಾಸನೆಯನ್ನೂ ಎಲ್ಲರೂ ನೋಡುತ್ತಾರೆ. ಹಿಂಬದಿಯನ್ನು ನೋಡುವವರು ವಿರಳ. ಸೂಕ್ಷ್ಮ ಚರ್ಮದವರಿಗೆ ಒಗ್ಗುವ, ಕೈಗೆಟಕುವ ಬೆಲೆಯ ಕ್ರೀಮು ಯಾವುದೆಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಆ ಹಿಂಬದಿಯಲ್ಲಿಯೇ ಇದೆ. ಅದನ್ನು ಓದದೆ ಒಂದಾದ ಮೇಲೊಂದು ಕ್ರೀಮು ಹಚ್ಚಿ ನೋಡುವುದು ಹಣದ ನಷ್ಟಕ್ಕೂ ಕೆಲವೊಮ್ಮೆ ಆರೋಗ್ಯದ ನಷ್ಟಕ್ಕೂ ದಾರಿಯಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹವೆಯನ್ನು ಬಲ್ಲವರಿಗೆ ಇದು ಶೋಕಿಯ ವಿಷಯವೆನಿಸಲಾರದು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಗಾಳಿಯಲ್ಲಿ ತೇವವಿರುವುದಿಲ್ಲ. ಬೋರಿನ ಸವಳು ನೀರಿನಲ್ಲಿ ಸಾಬೂನಿನ ನೊರೆ ಸರಿಯಾಗಿ ಏಳುವುದಿಲ್ಲ, ಎದ್ದದ್ದು ಪೂರ್ತಿಯಾಗಿ ತೊಳೆದುಹೋಗುವುದೂ ಇಲ್ಲ. ಹಳ್ಳಿಗಳಿಂದ ಎಸ್.ಟಿ. ಬಸ್ಸಿನ ಕಿಟಕಿಯ ಬದಿಗೆ ಕುಳಿತು ಬರುವವರು, ರಜೆಯ ದಿನ ದ್ರಾಕ್ಷಿ ದಾಳಿಂಬೆಯ ತೋಟದಲ್ಲಿ ಮನೆಯವರೊಡನೆ ದುಡಿದು ಮರುದಿನ ತರಗತಿಗೆ ಬರುವವರು ತಮ್ಮ ಮುಖದ ಉರಿಯನ್ನು ಅಲಂಕಾರದ ಮಾತಾಗಿ ಆಡುವುದಿಲ್ಲ. ವಸತಿನಿಲಯದಲ್ಲಿದ್ದು ತಿಂಗಳ ಖರ್ಚಿನಲ್ಲಿ ನೂರೋ ನೂರೈವತ್ತೋ ರೂಪಾಯಿಗಳನ್ನು ಇದಕ್ಕಾಗಿ ಎತ್ತಿಡುವ ವಿದ್ಯಾರ್ಥಿನಿಗೆ ಒಂದು ತಪ್ಪು ಖರೀದಿ ಎಂದರೆ ಇಡೀ ತಿಂಗಳ ಖರೀದಿ. ಹುಡುಗರ ಸ್ಥಿತಿಯೂ ಬೇರೆಯಲ್ಲ. ಕ್ಷೌರದ ಬಳಿಕ ಮುಖ ಚುರುಗುಟ್ಟುವುದನ್ನು ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಸೂಕ್ಷ್ಮ ಚರ್ಮವೆಂಬುದು ಒಂದು ರೋಗದ ಹೆಸರಲ್ಲ. ಇತರರಿಗೆ ಏನೂ ಮಾಡದ ಸಾಬೂನು, ಬಿಸಿಲು, ಗಾಳಿ, ಲೇಪನಗಳು ಯಾರ ಮುಖದಲ್ಲಿ ಉರಿ, ಬಿಗಿತ, ಕೆಂಪನ್ನು ಉಂಟುಮಾಡುವವೋ ಅವರದು ಸೂಕ್ಷ್ಮ ಚರ್ಮ. ಚರ್ಮದ ಅತಿ ಹೊರಗಿನ ಪದರ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ ದಪ್ಪವಿರುತ್ತದೆ. ಅದರ ಕಟ್ಟಡ ಇಟ್ಟಿಗೆ ಗೋಡೆಯಂತೆ. ಒಣಗಿದ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಗಾರೆ ಸವೆದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ರಾಸಾಯನಿಕ ಒಳಗೆ ಇಳಿಯುತ್ತದೆ. ಚರ್ಮದ ಮೇಲ್ಮೈ ಸಹಜವಾಗಿ ತುಸು ಆಮ್ಲೀಯ; ಅದರ ಪಿಎಚ್ ಮೌಲ್ಯ ಸುಮಾರು 5. ಸ್ನಾನದ ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ದಿನಕ್ಕೆ ನಾಲ್ಕು ಸಲ ಸಾಬೂನು ತಿಕ್ಕಿ ಮುಖ ತೊಳೆದು, ಆಮೇಲೆ ಉರಿ ಕಳೆಯಲು ಕ್ರೀಮು ಹುಡುಕುವವರು ಗೋಡೆಯ ಗಾರೆಯನ್ನು ತಾವೇ ಕೆರೆದು ಮೇಲೆ ಸುಣ್ಣ ಬಳಿಯುವವರಂತೆ. ಅಂಥವರಿಗೆ ಮೊದಲ ಉಪಚಾರಕ್ಕೆ ಕಾಸು ಬೇಕಿಲ್ಲ. ಮುಖಕ್ಕೆ ಸಾಬೂನು ಕಡಿಮೆ ಮಾಡಿದರೆ ಸಾಕು.

ಇಲ್ಲಿ ಭಾಷೆಯ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಚರ್ಮದ ಸಂವೇದನೆಗಳಿಗೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ಉರಿ ಬೇರೆ, ತುರಿಕೆ ಬೇರೆ. ನವೆ, ಕಡಿತ, ಚುರುಚುರು, ಬಿಗಿತ, ದದ್ದು, ಗಂಧೆ, ಗುಳ್ಳೆ, ಒಡಕು, ಸಿಪ್ಪೆ ಏಳುವುದು ಎಲ್ಲವೂ ಬೇರೆ ಬೇರೆ. ಕೆನ್ನೆಯ ಮೇಲೆ ಮೂಡುವ ಕಂದು ಕಲೆಗೆ ಬಂಗು ಎಂಬ ಹೆಸರಿದೆ. ಮರಾಠಿಯವರು ಅದನ್ನೇ ವಾಂಗ ಎನ್ನುತ್ತಾರೆ. ಈ ಪದಗಳ ಭೇದ ವೈದ್ಯಕೀಯದಲ್ಲಿಯೂ ಭೇದವೇ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿ ಎದ್ದರೆ ಅದು ಹೆಚ್ಚಾಗಿ ಕೆರಳಿಕೆ. ಪದಾರ್ಥದ ತೀಕ್ಷ್ಣತೆ ಚರ್ಮಕ್ಕೆ ತಾಳಲಿಲ್ಲ ಎಂದರ್ಥ. ಒಂದೆರಡು ದಿನ ಕಳೆದು ತುರಿಕೆಯೂ ದದ್ದೂ ಬಂದರೆ ಅದು ಹೆಚ್ಚಾಗಿ ಅಲರ್ಜಿ. ಆ ಪದಾರ್ಥದ ಅತ್ಯಲ್ಪ ಪ್ರಮಾಣವನ್ನೂ ಮುಂದೆ ದೂರವಿಡಬೇಕು. ಆಸ್ಪತ್ರೆಯಲ್ಲಿ ಡಾಕ್ಟರರ ಮುಂದೆ ಕುಳಿತು ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ ಏನೋ ಆಗುತ್ತಿದೆ ಎಂದಷ್ಟೇ ಹೇಳುವವರಿಗಿಂತ, ಎರಡು ದಿನದ ಮೇಲೆ ನವೆ ಬಂತು, ಉರಿ ಇರಲಿಲ್ಲ ಎಂದು ಹೇಳಬಲ್ಲವರಿಗೆ ಬೇಗ ಸರಿಯಾದ ಉಪಚಾರ ಸಿಗುತ್ತದೆ. ಎರಡು ಭಾಷೆಗಳ ನಡುವೆ ಬೆಳೆದವರಲ್ಲಿ ಈ ಪದಸಂಪತ್ತು ಇಮ್ಮಡಿಯಾಗಿರಬೇಕಾಗಿತ್ತು. ಬಳಸದೆ ಬಿಟ್ಟದ್ದರಿಂದ ಅದು ಅರ್ಧವಾಗಿದೆ.

ಇನ್ನು ಪೆಟ್ಟಿಗೆಯ ಮುಂಬದಿಯ ಭಾಷೆ. ಫೇರ್ ಆಂಡ್ ಲವ್ಲಿ ಎಂಬ ಕ್ರೀಮು ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಗಂಡಸರಿಗೆಂದು ಫೇರ್ ಆಂಡ್ ಹ್ಯಾಂಡ್ಸಮ್ ಬಂದದ್ದು 2005ರಲ್ಲಿ. ಬಿಳಿ ಬಣ್ಣವೇ ನೌಕರಿಗೂ ಮದುವೆಗೂ ರಹದಾರಿಯೆಂದು ಸಾರಿದ ಜಾಹೀರಾತುಗಳನ್ನು ಕನಿಷ್ಠ ಎರಡು ತಲೆಮಾರು ನೋಡುತ್ತ ಬೆಳೆಯಿತು. ಕಪ್ಪು ಬಣ್ಣದವರನ್ನು ದುಃಖಿಗಳೆಂದೂ ಸೋತವರೆಂದೂ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂಚನೆ ಕೊಟ್ಟಿತು. 2020ರಲ್ಲಿ ಫೇರ್ ಆಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಆಂಡ್ ಲವ್ಲಿ ಎಂದು ಬದಲಿಸಿಕೊಂಡಿತು. ಬದಲಾವಣೆ ಸ್ವಾಗತಾರ್ಹವೇ. ಆದರೆ ಪದದ ಅರ್ಥವ್ಯತ್ಯಾಸವನ್ನು ಪಾಠವಾಗಿ ಓದುವವರು ಒಂದು ಪ್ರಶ್ನೆ ಕೇಳಬೇಕು. ಅಂಗಡಿಯ ಅದೇ ಕಪಾಟಿನಲ್ಲಿ ಗೌರವರ್ಣ ಎಂಬ ಪದ ಹೋಗಿ ಕಾಂತಿ, ಹೊಳಪು, ಉಜ್ವಲ, ಬ್ರೈಟನಿಂಗ್ ಎಂಬ ಪದಗಳು ಬಂದು ಕುಳಿತಾಗ, ಕೊಳ್ಳುವವರ ಮನಸ್ಸಿನಲ್ಲಿ ಅರ್ಥ ಬದಲಾಯಿತೇ, ಅಥವಾ ಹೊಸ ಪದವೇ ಹಳೆಯ ಅರ್ಥವನ್ನು ಹೊತ್ತುಕೊಂಡಿತೇ? ಹೊಳಪಿನ ಕ್ರೀಮು ಕೊಡಿ ಎಂದು ಕೇಳುವವರು ಇಂದಿಗೂ ಬಹುತೇಕ ಕೇಳುತ್ತಿರುವುದು ಬಿಳುಪನ್ನೇ. ಮುಂಬದಿಯ ಇನ್ನೂ ಕೆಲವು ಮಾತುಗಳು ಇಂಥವೇ. ವೈದ್ಯರಿಂದ ಪರೀಕ್ಷಿತ ಎಂಬುದು ಪರೀಕ್ಷೆ ನಡೆಯಿತೆಂದು ಹೇಳುತ್ತದೆ. ಫಲಿತಾಂಶ ಏನಾಯಿತೆಂದು ಹೇಳುವುದಿಲ್ಲ. ಹೈಪೋಅಲರ್ಜೆನಿಕ್ ಎಂಬ ಪದ ಅಲರ್ಜಿಯಾಗುವುದೇ ಇಲ್ಲವೆಂಬ ಖಾತರಿಯಲ್ಲ. ವಾಸನೆಯಿಲ್ಲದ್ದು ಎಂಬುದಕ್ಕೂ ಸುಗಂಧ ಸೇರಿಸದ್ದು ಎಂಬುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಬೇರೆ ವಾಸನೆಯನ್ನು ಅಡಗಿಸಲೆಂದೇ ಸುಗಂಧವನ್ನು ಸೇರಿಸಿರಬಹುದು.

ಹಿಂಬದಿಯ ಭಾಷೆ ಕಾನೂನಿಗೆ ಉತ್ತರ ಹೇಳಬೇಕಾದ ಭಾಷೆ. ಆದ್ದರಿಂದ ಅದು ನೀರಸವಾದರೂ ಹೆಚ್ಚು ಪ್ರಾಮಾಣಿಕ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಘಟಕಗಳ ಪಟ್ಟಿಯನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಕೊಡಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹೇಳಬಹುದು. ಮುಂಬದಿಯಲ್ಲಿ ಕೇಸರಿಯ ಅಥವಾ ಲೋಳೆಸರದ ಚಿತ್ರವಿದ್ದು, ಹಿಂಬದಿಯ ಪಟ್ಟಿಯಲ್ಲಿ ಅದು ಸಂರಕ್ಷಕಗಳ ನಂತರ ಕೊನೆಯ ಸಾಲಿನಲ್ಲಿದ್ದರೆ, ಕ್ರೀಮಿನಲ್ಲಿ ಅದರ ಪಾಲು ಎಷ್ಟೆಂದು ಊಹಿಸುವುದು ಕಷ್ಟವಲ್ಲ. ಪಟ್ಟಿಯಲ್ಲಿ ಮೊದಲು ನೀರು, ಗ್ಲಿಸರಿನ್, ಪೆಟ್ರೋಲೇಟಮ್, ಪ್ಯಾರಾಫಿನ್ ಎಣ್ಣೆ, ಡೈಮೆಥಿಕೋನ್ ಮುಂತಾದವು ಇದ್ದರೆ ಅವು ಸಾಮಾನ್ಯವಾಗಿ ಸೂಕ್ಷ್ಮ ಚರ್ಮಕ್ಕೂ ಒಗ್ಗುವ ಪದಾರ್ಥಗಳು. ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಎಂಬ ಒಂದೇ ಪದ ಹತ್ತಾರು ಪದಾರ್ಥಗಳ ಮಿಶ್ರಣವನ್ನು ಮುಚ್ಚಿಡುತ್ತದೆ. ಸೌಂದರ್ಯವರ್ಧಕಗಳಿಂದಾಗುವ ಅಲರ್ಜಿಗಳಲ್ಲಿ ಸುಗಂಧದ ಪಾಲು ದೊಡ್ಡದು. ಸಂರಕ್ಷಕಗಳಲ್ಲಿ ಮಿಥೈಲ್‌ಐಸೋಥಯಾಜೋಲಿನೋನ್ ಎಂಬುದು ಅಲರ್ಜಿಗೆ ಎಷ್ಟು ಕುಖ್ಯಾತವೆಂದರೆ ಯುರೋಪಿನಲ್ಲಿ ಹಚ್ಚಿ ಬಿಡುವ ಕ್ರೀಮುಗಳಲ್ಲಿ ಅದನ್ನು ನಿಷೇಧಿಸಲಾಗಿದೆ. ಉದ್ದನೆಯ ಸಮಾಸಪದವನ್ನು ಬಿಡಿಸಿದ ಅಭ್ಯಾಸವಿರುವವರಿಗೆ ಈ ಹೆಸರನ್ನು ಗುರುತಿಸುವುದು ದುಸ್ತರವಾಗಬಾರದು.

ಅದೇ ನಿಯಮದಲ್ಲಿ ಒಂದು ವಿನಾಯಿತಿಯಿದೆ. ಬಡ ಗ್ರಾಹಕರು ಅದನ್ನು ಅರಿತಿರುವುದು ಅಗತ್ಯ. 30 ಗ್ರಾಮಿಗಿಂತ ಕಡಿಮೆಯ ಗಟ್ಟಿ ಪದಾರ್ಥದ ಪೊಟ್ಟಣಕ್ಕೂ 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೂ ಘಟಕಗಳ ಪಟ್ಟಿ ಕಡ್ಡಾಯವಲ್ಲ. ಎಂದರೆ ಹತ್ತು ರೂಪಾಯಿಯ ಸ್ಯಾಶೆ, ಹದಿನೈದು ಗ್ರಾಮಿನ ಟ್ಯೂಬು, ಪುಟ್ಟ ಡಬ್ಬಿ ಇವನ್ನೇ ಕೊಳ್ಳಬಲ್ಲವರಿಗೆ ಅದರಲ್ಲೇನಿದೆ ಎಂದು ತಿಳಿಯುವ ಹಕ್ಕು ಬರಹದಲ್ಲಿ ಸಿಗುವುದಿಲ್ಲ. ದೊಡ್ಡ ಟ್ಯೂಬು ಕೊಳ್ಳಬಲ್ಲವರಿಗೆ ಸಿಗುತ್ತದೆ. ಜಾಗದ ಅಭಾವವೆಂಬ ಕಾರಣ ಹೇಳಬಹುದು. ಆದರೆ ಆ ಜಾಗದಲ್ಲಿ ಆಶ್ವಾಸನೆಗಳಿಗೆ ಎಂದೂ ಅಭಾವವಾಗಿಲ್ಲ. ಈ ವಿನಾಯಿತಿ ರದ್ದಾಗಬೇಕು, ಅಥವಾ ಕನಿಷ್ಠ ಅಲರ್ಜಿಕಾರಕಗಳ ಹೆಸರನ್ನಾದರೂ ಸಣ್ಣ ಪೊಟ್ಟಣದ ಮೇಲೆ ಅಚ್ಚುಮಾಡುವ ಕಟ್ಟಳೆ ಬರಬೇಕು. ಅಲ್ಲಿಯವರೆಗೆ ಉಳಿದಿರುವ ಉಪಾಯವೆಂದರೆ ಅದೇ ಕ್ರೀಮಿನ ದೊಡ್ಡ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೇಳಿ ಪಡೆದು, ಓದಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಆ ಬಳಿಕ ಚಿಕ್ಕದನ್ನು ಕೊಳ್ಳುವುದು. ಬೆಲೆಯನ್ನೂ ಗ್ರಾಮಿನ ಲೆಕ್ಕದಲ್ಲಿ ನೋಡಬೇಕು. 75 ರೂಪಾಯಿಗೆ 15 ಗ್ರಾಮು ಎಂದರೆ ಗ್ರಾಮಿಗೆ 5 ರೂಪಾಯಿ. 150 ರೂಪಾಯಿಗೆ 50 ಗ್ರಾಮು ಎಂದರೆ 3 ರೂಪಾಯಿ. ಅಗ್ಗವೆಂದು ತೋರುವುದು ಎಷ್ಟೋ ಸಲ ತುಟ್ಟಿಯಾಗಿರುತ್ತದೆ.

ಓದದೆ ಹಚ್ಚುವುದರ ಅಪಾಯ ಉರಿ ತುರಿಕೆಗಳಿಗೆ ನಿಲ್ಲುವುದಿಲ್ಲ. ಔಷಧದ ಅಂಗಡಿಗಳಲ್ಲಿ ಬಿಳುಪಿನ ಕ್ರೀಮು ಎಂದು ಕೈಗೆ ಬರುವ ಕೆಲವು ಟ್ಯೂಬುಗಳು ವಾಸ್ತವವಾಗಿ ಸ್ಟೆರಾಯ್ಡ್ ಔಷಧಗಳು. ಹಚ್ಚಿದ ಒಂದೆರಡು ವಾರ ಅವು ರಕ್ತನಾಳಗಳನ್ನು ಸಂಕುಚಿಸಿ ಮುಖವನ್ನು ಬಿಳುಪಾಗಿಯೂ ನುಣುಪಾಗಿಯೂ ತೋರಿಸುತ್ತವೆ. ಬಳಕೆ ಮುಂದುವರಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆಗಳೂ ಅನವಶ್ಯಕ ಕೂದಲೂ ಬರುತ್ತವೆ, ಬಿಸಿಲು ಸಹಿಸಲಾಗುವುದಿಲ್ಲ. ಬಿಟ್ಟೊಡನೆ ಮುಖ ಕೆಂಡವಾಗುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ 12 ಚರ್ಮರೋಗ ಕೇಂದ್ರಗಳಿಗೆ ಮುಖದ ತೊಂದರೆಯಿಂದ ಬಂದ 2,926 ಜನರಲ್ಲಿ 433 ಜನ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದವರೆಂದು ಕಂಡುಬಂತು. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವ್ಯಾಕರಣ ಓದುವವರಿಗೆ ಇಲ್ಲೊಂದು ಸುಳಿವಿದೆ. ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಹೈಡ್ರೋಕಾರ್ಟಿಸೋನ್ ಎಂಬ ಹೆಸರುಗಳ ಕೊನೆಯ ಪ್ರತ್ಯಯವನ್ನು ಗಮನಿಸಿದರೆ ಈ ಕುಲವನ್ನು ಬಹುಮಟ್ಟಿಗೆ ಗುರುತಿಸಬಹುದು. ಕ್ಲೋಬೆಟಾಸೋಲ್ ಎಂಬ ಬಲು ತೀಕ್ಷ್ಣ ಸದಸ್ಯನನ್ನು ಅಪವಾದವೆಂದು ನೆನಪಿಡಬೇಕು. ಕೆಲವು ರೋಗಗಳಲ್ಲಿ ಇವು ಒಳ್ಳೆಯ ಔಷಧಗಳೇ. ಆದರೆ ಮುಖಕ್ಕೆ ದಿನವೂ ಹಚ್ಚುವ ಕ್ರೀಮುಗಳಲ್ಲ.

ಎರಡನೆಯ ಅಪಾಯ ಪಾದರಸ. ಅದು ಚರ್ಮದಲ್ಲಿ ಬಣ್ಣ ಕಟ್ಟುವ ಕ್ರಿಯೆಯನ್ನು ತಡೆಯುತ್ತದೆ. ಚರ್ಮದ ಮೂಲಕ ಒಳಗೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕಣ್ಣಿನ ಸುತ್ತ ಬಳಸುವವುಗಳನ್ನು ಬಿಟ್ಟು ಉಳಿದ ಸೌಂದರ್ಯವರ್ಧಕಗಳಲ್ಲಿ ಉದ್ದೇಶವಿಲ್ಲದೆ ಸೇರಿದ ಪಾದರಸ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದೆಂಬುದು ಭಾರತದ ನಿಯಮ. ಹಾಗಿದ್ದರೂ 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ರೋಗ ಕಾಣಿಸಿಕೊಂಡದ್ದನ್ನು ವೈದ್ಯರು ಗುರುತಿಸಿದರು. ಅದೇ ವರ್ಷ ಮಹಾರಾಷ್ಟ್ರದ ಅಕೋಲಾದಿಂದಲೂ ಅಂಥದೇ ಸುದ್ದಿ ಬಂತು. ಪಾದರಸವನ್ನು ಬೆರೆಸುವವರು ಅದನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ. ಆಗ ಓದಬೇಕಾದದ್ದು ಬರೆಯದೆ ಬಿಟ್ಟದ್ದನ್ನು. ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ತಿಂಗಳು, ವಿದೇಶದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇವು ಇಲ್ಲದ ಡಬ್ಬಿಯನ್ನು, ಅದು ಎಷ್ಟೇ ಆಪ್ತರ ಕೈಯಿಂದ ಬಂದರೂ, ಮುಖಕ್ಕೆ ತಾಗಿಸಬಾರದು. ಏಳು ದಿನಗಳಲ್ಲಿ ಬಿಳುಪು ಎಂಬ ಮಾತು ಎಲ್ಲಿ ಕಂಡರೂ ಅದನ್ನು ಎಚ್ಚರಿಕೆಯ ಫಲಕವೆಂದೇ ತಿಳಿಯಬೇಕು.

ಬಣ್ಣ ಬೆರೆತ ಕ್ರೀಮುಗಳದು ಬೇರೆಯೇ ಕಥೆ; ಅವನ್ನು ಬಿಳುಪಿನ ಕ್ರೀಮುಗಳೊಡನೆ ಒಂದೇ ಗಂಟಿಗೆ ಕಟ್ಟುವುದು ಅನ್ಯಾಯ. ಬಿಬಿ ಕ್ರೀಮು ಎಂದು ಇಂದು ಮಾರಾಟವಾಗುವ ಬಗೆಯ ಮೂಲ 1960ರ ದಶಕದ ಜರ್ಮನಿಯಲ್ಲಿದೆ. ಚರ್ಮತಜ್ಞೆ ಕ್ರಿಸ್ಟೀನ್ ಶ್ರಾಮ್ಮೆಕ್ ಚಿಕಿತ್ಸೆಯಿಂದ ಕೆಂಪಾದ ಚರ್ಮವನ್ನು ಮುಚ್ಚಿ ಕಾಯಲು ಅದನ್ನು ಸಿದ್ಧಪಡಿಸಿದರು. ಕೊರಿಯಾದ ಮಾರುಕಟ್ಟೆ ಅದನ್ನು ಮುಂದೆ ಜನಪ್ರಿಯಗೊಳಿಸಿತು. ಇಂಥ ಕ್ರೀಮುಗಳಿಗೆ ಬಣ್ಣ ಕೊಡುವುದು ಮುಖ್ಯವಾಗಿ ಕಬ್ಬಿಣದ ಆಕ್ಸೈಡುಗಳು. ಪಟ್ಟಿಯಲ್ಲಿ ಅವು ಸಿಐ 77491, 77492, 77499 ಎಂಬ ಸಂಖ್ಯೆಗಳಾಗಿ ಬರುತ್ತವೆ. ಕ್ರಮವಾಗಿ ಕೆಂಪು, ಹಳದಿ, ಕಪ್ಪು. ಸಿಐ 77891 ಎಂಬುದು ಬಿಳಿಯ ಟೈಟೇನಿಯಂ ಡೈಆಕ್ಸೈಡ್. ಈ ಆಕ್ಸೈಡುಗಳಿಂದ ಅಲರ್ಜಿಯಾಗುವುದು ಅಪರೂಪ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಸಾಮಾನ್ಯ ಸನ್‌ಸ್ಕ್ರೀನು ಅತಿನೇರಳೆ ಕಿರಣಗಳನ್ನು ತಡೆಯುತ್ತದೆಯೇ ಹೊರತು ಕಣ್ಣಿಗೆ ಕಾಣುವ ಬೆಳಕನ್ನು ಅಷ್ಟಾಗಿ ತಡೆಯದು. ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಬಂಗು ದಟ್ಟವಾಗಲು ಕಾಣುವ ಬೆಳಕೂ ಕಾರಣ. ಕಬ್ಬಿಣದ ಆಕ್ಸೈಡ್ ಅದನ್ನು ತಡೆಯಬಲ್ಲದು. ಆದ್ದರಿಂದ ಬಿಸಿಲು ಸೀಮೆಯ ಕಂದು ಮುಖಕ್ಕೆ ಬಣ್ಣದ ಸನ್‌ಸ್ಕ್ರೀನು ಅಲಂಕಾರವಷ್ಟೇ ಅಲ್ಲ, ಕೊಡೆಯೂ ಹೌದು. ಆದರೆ ಕೊಡೆಯನ್ನು ಪೂರ್ತಿ ಬಿಚ್ಚಬೇಕು. ಪೆಟ್ಟಿಗೆಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮಿನಷ್ಟು ದಪ್ಪಗೆ ಹಚ್ಚಿ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳಿನ ಉದ್ದದಷ್ಟು ಬೇಕಾಗುತ್ತದೆ. ತುಟ್ಟಿಯದನ್ನು ಕೊಂಡು ಹೆಸರುಕಾಳಿನಷ್ಟು ಹಚ್ಚುವುದಕ್ಕಿಂತ ಅಗ್ಗದ್ದನ್ನು ಸಾಕಷ್ಟು ಹಚ್ಚುವುದು ಮೇಲು.

ಕೈಗೆಟಕುವ ಬೆಲೆಯ ಬಣ್ಣದ ಕ್ರೀಮುಗಳ ದೊಡ್ಡ ಕೊರತೆ ಛಾಯೆಗಳದ್ದು. ಅನೇಕ ಕ್ರೀಮುಗಳು ಒಂದೋ ಎರಡೋ ಛಾಯೆಗಳಲ್ಲಿ, ಅವೂ ಬಿಳುಪಿನ ಕಡೆಗೆ ವಾಲಿದಂತೆ, ಸಿಗುತ್ತವೆ. ಅವನ್ನು ಕಪ್ಪು ಮುಖಕ್ಕೆ ಹಚ್ಚಿದಾಗ ಬೂದಿ ಬಳಿದಂತೆ ಕಾಣುವುದು ಬಿಳಿಯ ಟೈಟೇನಿಯಂ ಹೆಚ್ಚಾಗಿ ಕೆಂಪು ಹಳದಿಗಳು ಕಡಿಮೆಯಾದದ್ದರಿಂದ. ದೋಷ ಕ್ರೀಮಿನದು, ಮುಖದ್ದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಏಕೆಂದರೆ ಕನ್ನಡಿಯ ಮುಂದೆ ನಿಂತ ಹುಡುಗಿ ತಿಳಿಯುವುದು ಅದರ ವಿರುದ್ಧವನ್ನೇ. ಛಾಯೆಗಳ ಹೆಸರನ್ನೂ ಗಮನಿಸಬೇಕು. ಐವರಿ, ಶೆಲ್, ಹನಿ ಎಂಬ ಹೆಸರುಗಳು ಬೇರೆ ಜನರ ಮೈಬಣ್ಣಗಳಿಗೆ ಕಟ್ಟಿದವು. ಕನ್ನಡದಲ್ಲಿ ಎಣ್ಣೆಗಪ್ಪು, ಎಣ್ಣೆಗೆಂಪು, ನಸುಗಪ್ಪು, ಗೋಧಿಬಣ್ಣ ಎಂಬ ನಿಖರವಾದ ಪದಗಳಿವೆ. ಮರಾಠಿಯಲ್ಲಿ ಸಾವಳಾ, ಗವ್ಹಾಳ, ನಿಮಗೋರಾ ಎಂಬವಿವೆ. ಇವುಗಳಲ್ಲಿ ಹಲವು ಪದಗಳಿಗೆ ಹೀನಾರ್ಥವಿಲ್ಲ. ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದ. ಕಾವ್ಯ ಓದುವವರಿಗೆ ಅವಳ ಸೌಂದರ್ಯದ ಬಗ್ಗೆ ಸಂಶಯ ಬಂದದ್ದಿಲ್ಲ. ಸೊಲ್ಲಾಪುರ ಜಿಲ್ಲೆಯಲ್ಲಿಯೇ ಇರುವ ಪಂಢರಪುರದಲ್ಲಿ ಆಷಾಢ ಏಕಾದಶಿಗೆ ಲಕ್ಷಾಂತರ ಕನ್ನಡಿಗರೂ ಮರಾಠಿಗರೂ ತಲೆಬಾಗುವುದು ಕರಿಯ ಕಲ್ಲಿನ ವಿಠ್ಠಲನಿಗೆ. ವಾರಿಯಿಂದ ಮನೆಗೆ ಮರಳಿ, ಮಗನಿಗೆ ಬೆಳ್ಳನೆಯ ಹೆಣ್ಣು ಬೇಕೆನ್ನುವ ಕುಟುಂಬಗಳು ತಮ್ಮ ಭಕ್ತಿಗೂ ತಮ್ಮ ಬೇಡಿಕೆಗೂ ಇರುವ ದೂರವನ್ನು ಅಳೆದು ನೋಡಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ. ಇಷ್ಟೆಲ್ಲ ಏಕೆ, ಅಜ್ಜಿಯ ಕಾಲದ ಮನೆಮದ್ದು ಸಾಕು ಎನ್ನುವವರಿದ್ದಾರೆ. ಮನೆಮದ್ದುಗಳಲ್ಲಿ ಕೆಲವು ನಿರಪಾಯ, ಕೆಲವು ಅಪಾಯಕರ. ನಿಂಬೆರಸ ಬಹಳ ಆಮ್ಲೀಯ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತಹ ಗುಳ್ಳೆಗಳೂ ಆಮೇಲೆ ಕಪ್ಪು ಕಲೆಗಳೂ ಏಳಬಹುದು. ಒಣಗಿದ ಕಡಲೆಹಿಟ್ಟನ್ನು ತಿಕ್ಕಿ ತೆಗೆಯುವುದು ಗಾರೆ ಸವೆದ ಚರ್ಮಕ್ಕೆ ಮತ್ತೊಂದು ಪೆಟ್ಟು. ಹಣೆಗೆ ಅಂಟಿಸುವ ಟಿಕಲಿಯ ಅಂಟಿನಲ್ಲಿರುವ ರಾಸಾಯನಿಕದಿಂದ ಅಲ್ಲಿಯ ಚರ್ಮ ಬಣ್ಣ ಕಳೆದುಕೊಂಡು ಬೆಳ್ಳಗಾಗುವುದು ಚರ್ಮತಜ್ಞರಿಗೆ ಪರಿಚಿತವಾದ ಸಂಗತಿ. ಸಹಜವಾದದ್ದೆಲ್ಲ ಸೌಮ್ಯವೆಂಬುದೂ ಹಳೆಯದೆಲ್ಲ ಸುರಕ್ಷಿತವೆಂಬುದೂ ಜಾಹೀರಾತಿನಷ್ಟೇ ಪರೀಕ್ಷೆಗೊಳಪಡಬೇಕಾದ ನಂಬಿಕೆಗಳು. ತುಟ್ಟಿಯದೇ ಒಳ್ಳೆಯದೆನ್ನುವವರಿಗೂ ಒಂದು ಉತ್ತರವಿದೆ. ಅಲರ್ಜಿಯನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ವೈದ್ಯರು ಶಂಕಿತ ಪದಾರ್ಥಗಳನ್ನು ಬೆರೆಸಲು ಬಳಸುವುದು ಹೆಚ್ಚಾಗಿ ಪೆಟ್ರೋಲಿಯಂ ಜೆಲ್ಲಿಯನ್ನು. ಏಕೆಂದರೆ ಅದಕ್ಕೆ ಚರ್ಮ ಕೆರಳುವುದು ತೀರ ವಿರಳ. ಸುಗಂಧವಿಲ್ಲದ ಪೆಟ್ರೋಲಿಯಂ ಜೆಲ್ಲಿ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುವ ಅತ್ಯಂತ ಅಗ್ಗದ ಲೇಪನಗಳಲ್ಲಿ ಒಂದು. ಮೊಡವೆಯ ಮುಖಕ್ಕೆ ಅದು ಜಿಡ್ಡೆನಿಸಬಹುದು, ಒಡೆದ ಒಣ ಚರ್ಮಕ್ಕೆ ಅದು ಉತ್ತಮ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಸಾಹಿತ್ಯದ ವಿದ್ಯಾರ್ಥಿಗಳು ಕ್ರೀಮಿನ ಚರ್ಚೆಯಲ್ಲಿ ತೊಡಗುವುದು ಕ್ಷುಲ್ಲಕವಲ್ಲವೇ ಎಂಬುದು. ಮುಖದ ಬಗ್ಗೆ ಚಿಂತೆಯೇ ಬೇಡವೆಂದು ಉಪದೇಶಿಸುವುದು ಸುಲಭ. ಆದರೆ ತರಗತಿಯ ಕೊನೆಯ ಬೆಂಚಿನಲ್ಲಿ ಓಢಣಿಯಿಂದ ಕೆನ್ನೆ ಮುಚ್ಚಿಕೊಂಡು ಕುಳಿತವರಿಗೆ ಆ ಉಪದೇಶದಿಂದ ಪ್ರಯೋಜನವಿಲ್ಲ. ಬಣ್ಣದ ಕ್ರೀಮನ್ನು ಹಚ್ಚಿ ಕಲೆಯನ್ನು ಮರೆಸಿ ಧೈರ್ಯವಾಗಿ ಭಾಷಣ ಸ್ಪರ್ಧೆಗೆ ನಿಲ್ಲುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಚಿಕೆಪಡಬೇಕಾದದ್ದು, ಅಂಥವರಿಗೆ ಸ್ಟೆರಾಯ್ಡನ್ನೂ ಪಾದರಸವನ್ನೂ ಮಾರುವ ವ್ಯವಸ್ಥೆ ಮತ್ತು ಅವರನ್ನು ಎಚ್ಚರಿಸಲು ತಮ್ಮ ಓದನ್ನು ಬಳಸದ ವಿದ್ಯಾವಂತರು.

ಪ್ರಯೋಗಿಸುವವರಿಗೆ ಕ್ರಮವೊಂದಿರಬೇಕು. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಸಾಬೂನು, ಕ್ರೀಮು, ಪೌಡರು ಮೂರನ್ನೂ ಒಟ್ಟಿಗೆ ಬದಲಿಸಿದರೆ ದದ್ದು ಬಂದಾಗ ಕಾರಣ ಯಾವುದೆಂದು ತಿಳಿಯದು. ಹಸ್ತಪ್ರತಿಗಳ ಪಾಠಗಳನ್ನು ಬೆರೆಸಿಬಿಟ್ಟರೆ ತಪ್ಪು ಯಾವ ಪ್ರತಿಯದೆಂದು ಸಂಪಾದಕನಿಗೆ ತಿಳಿಯದಂತೆ. ಹೊಸ ಕ್ರೀಮನ್ನು ಮೊಣಕೈಯ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಬೇಕು. ಉರಿಯೂ ತುರಿಕೆಯೂ ಬಾರದಿದ್ದರೆ ಮುಖಕ್ಕೆ. ದಿನಾಂಕ, ಹೆಸರು, ಕಂಡ ಲಕ್ಷಣಗಳನ್ನು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಬೇಕು. ಚರ್ಮದ ಹೊರಪದರ ಹೊಸದಾಗಲು ಸುಮಾರು ಒಂದು ತಿಂಗಳು ಹಿಡಿಯುವುದರಿಂದ ನಾಲ್ಕು ದಿನದಲ್ಲಿ ಗುಣಾವಗುಣ ತೀರ್ಮಾನಿಸಬಾರದು. ಬಣ್ಣದ ಛಾಯೆಯನ್ನು ದವಡೆಯ ಅಂಚಿಗೆ ಹಚ್ಚಿ, ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ ಬಂದು ಹಗಲಿನ ಬೆಳಕಿನಲ್ಲಿ, ಹತ್ತು ನಿಮಿಷ ಬಿಟ್ಟು ನೋಡಬೇಕು. ಮುಖಕ್ಕೂ ಕುತ್ತಿಗೆಗೂ ಗೆರೆ ಕಾಣದಂತೆ ಬೆರೆತದ್ದೇ ಸರಿಯಾದ ಛಾಯೆ, ಮುಖಕ್ಕಿಂತ ಬೆಳ್ಳಗಿರುವುದಲ್ಲ. ಮುಖ ಊದಿಕೊಂಡರೆ, ನೀರು ಒಸರಿದರೆ, ಕಣ್ಣಿಗೆ ತೊಂದರೆಯಾದರೆ ಪ್ರಯೋಗ ನಿಲ್ಲಿಸಿ ಟ್ಯೂಬಿನೊಡನೆ ವೈದ್ಯರ ಬಳಿಗೆ ಹೋಗಬೇಕು. ತಿಂಗಳುಗಟ್ಟಲೆ ಸ್ಟೆರಾಯ್ಡ್ ಹಚ್ಚಿದವರು ಕೂಡ ತಾವಾಗಿ ಬಿಡದೆ ವೈದ್ಯರ ಸಲಹೆಯಂತೆ ಬಿಡುವುದು ಕ್ಷೇಮ.

ಕನ್ನಡ ವಿಭಾಗಕ್ಕೆ ಇಲ್ಲೊಂದು ಕೆಲಸ ಕಾದಿದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳನ್ನು ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಇತರ ಭಾಷೆಗಳಲ್ಲಿ ಸೇರಿಸಲು ಅಡ್ಡಿಯಿಲ್ಲ, ಸೇರಿಸುವವರು ಕಡಿಮೆ. ಮರಾಠಿಯ ಮೂಲಕ ದೇವನಾಗರಿ ಬಲ್ಲ ಗಡಿಯ ಕನ್ನಡ ವಿದ್ಯಾರ್ಥಿಗಳಿಗೆ ಅಕ್ಷರ ಅಡ್ಡಿಯಾಗದು, ಪಾರಿಭಾಷಿಕ ಪದಗಳು ಅಡ್ಡಿಯಾಗುತ್ತವೆ. ಭಾಷಾಂತರ ಪತ್ರಿಕೆ ಓದುವ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ಇಪ್ಪತ್ತೈದು ಪದಗಳ ಒಂದು ಕನ್ನಡ ಮರಾಠಿ ಕೋಷ್ಟಕ ಸಿದ್ಧಪಡಿಸಬಹುದು. ಸುಗಂಧಕ್ಕೆ, ಸಂರಕ್ಷಕಕ್ಕೆ, ಸ್ಟೆರಾಯ್ಡಿಗೆ, ಪರವಾನಗಿ ಸಂಖ್ಯೆಗೆ, ಬಂಗಿಗೆ, ನವೆಗೆ ಎರಡೂ ಭಾಷೆಗಳಲ್ಲಿ ಒಂದೊಂದು ಸಾಲಿನ ವಿವರಣೆ ಸಾಕು. ವಿಜ್ಞಾನ ವಿಭಾಗದವರಿಂದ ತಿದ್ದಿಸಿ, ಹತ್ತಿರದ ಚರ್ಮವೈದ್ಯರಿಗೆ ಒಮ್ಮೆ ತೋರಿಸಿ, ಮಹಿಳಾ ವಸತಿನಿಲಯದ ಗೋಡೆಗೂ ಪುರುಷರ ವಸತಿನಿಲಯದ ಗೋಡೆಗೂ ಅದನ್ನು ಅಂಟಿಸಬೇಕು. ಅದರ ಒಂದು ಪ್ರತಿ ಊರಿಗೆ ಹೋಗಿ, ಪತ್ರವನ್ನೂ ಟ್ಯೂಬನ್ನೂ ಮಕ್ಕಳಿಂದ ಓದಿಸಿಕೊಳ್ಳುವ ತಾಯಂದಿರ ಕೈಗೂ ತಲುಪಬೇಕು. ಗಡಿಯಲ್ಲಿ ಕನ್ನಡ ಉಳಿಯಬೇಕೆಂದು ನವೆಂಬರಿನಲ್ಲಿ ಭಾಷಣಗಳಾಗುತ್ತವೆ. ಮನೆಯೊಳಗೆ ಒಬ್ಬರ ಮುಖವನ್ನೂ ಮೂತ್ರಪಿಂಡವನ್ನೂ ಕಾಯುವಷ್ಟು ಉಪಯೋಗಕ್ಕೆ ಬಂದ ಭಾಷೆಯನ್ನು ಆ ಮನೆಯವರು ಸುಲಭವಾಗಿ ಬಿಟ್ಟುಕೊಡಲಾರರು.